ಅತಿಥಿಗೆ ನಾಲ್ಕು ಉಪಚಾರ



ಶನಿವಾರ ಭಾನುವಾರ ಬಂತೆಂದರೆ ಸ್ವಾಮಿಯ ದರ್ಶನಕ್ಕೆ ಬೆಟ್ಟದ ಮೇಲೆ ಜನ ಸೇರುತ್ತಾರೆ. ಅದೇ ಹೊತ್ತಿಗೆ ಬೆಟ್ಟದ ತಪ್ಪಲಿನ ಊರುಗಳ ಮನೆ ಮನೆಗೂ ನೆಂಟರು, ಇಷ್ಟರು, ಹಳೆಯ ಸ್ನೇಹಿತರು ಬರುತ್ತಾರೆ. "ಹೇಗೂ ದೇವರಿಗೆ ಬರ್ತಾ ಇದೀವಿ, ರಾತ್ರಿ ನಿಮ್ಮನೇಲೇ ಉಳ್ಕೋತೀವಿ" ಎಂದು ಫೋನು ಬಂದರೆ ಮನೆಯವರಿಗೆ ಸಂತೋಷವೇ. ಆದರೆ ಎಷ್ಟೋ ಸಲ ಅದೇ ದಿನ ಗ್ಯಾಸ್ ಸಿಲಿಂಡರ್ ಮುಗಿಯುತ್ತದೆ, ಮಳೆಗೆ ಹೆಂಚು ಸೋರುತ್ತದೆ, ಕರೆಂಟು ಹೋಗುತ್ತದೆ, ಇಲ್ಲವೇ ಮನೆಯಲ್ಲಿ ಮಗುವಿಗೆ ಜ್ವರ ಬರುತ್ತದೆ. ಆಗ ಗೃಹಸ್ಥನು ಏನು ಮಾಡಬೇಕು? ಬಂದವರ ಮುಂದೆ ತಲೆ ತಗ್ಗಿಸಬೇಕೇ? ಈ ವಿಷಯವನ್ನು ನಮ್ಮ ಹಿರಿಯರು ಎಂದೋ ವಿಚಾರ ಮಾಡಿದ್ದಾರೆ.

ಅತಿಥಿ ಎಂದರೆ ತಿಥಿ ನೋಡದೆ ಬರುವವನು. ಅವನು ಬರುವುದಕ್ಕೆ ಪಂಚಾಂಗದಲ್ಲಿ ದಿನ ಗೊತ್ತು ಮಾಡಿರುವುದಿಲ್ಲ. ಗೃಹಸ್ಥನು ದಿನವೂ ಮಾಡಬೇಕಾದ ಪಂಚ ಮಹಾಯಜ್ಞಗಳೆಂದು ಐದನ್ನು ಹೇಳಿದ್ದಾರೆ. ದೇವಯಜ್ಞ, ಪಿತೃಯಜ್ಞ, ಭೂತಯಜ್ಞ, ಬ್ರಹ್ಮಯಜ್ಞ, ಮನುಷ್ಯಯಜ್ಞ. ಇವುಗಳಲ್ಲಿ ಮನುಷ್ಯಯಜ್ಞವೆಂದರೆ ಮನೆಗೆ ಬಂದವರನ್ನು ಸತ್ಕರಿಸುವುದು. ಅದಕ್ಕೆ ಹೋಮಕುಂಡ ಬೇಡ, ಪುರೋಹಿತರು ಬೇಡ. ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರುವು ತಾಯಿ, ತಂದೆ, ಆಚಾರ್ಯರ ಜೊತೆಗೆ ಅತಿಥಿಯನ್ನೂ ದೇವರೆಂದೇ ಭಾವಿಸು ಎಂದು ಹೇಳಿ ಕಳಿಸುವುದು ತೈತ್ತಿರೀಯ ಉಪನಿಷತ್ತಿನಲ್ಲಿದೆ. ಅದೇ ಉಪನಿಷತ್ತಿನಲ್ಲಿ, ತಂಗಲು ಬಂದ ಯಾರನ್ನೂ ಹಿಂದಕ್ಕೆ ಕಳಿಸಬೇಡ, ಅದು ವ್ರತ ಎಂದೂ ಹೇಳಿದೆ.

ಹಾಗಾದರೆ ಇಲ್ಲದವನು ಏನು ಕೊಡಬೇಕು? ಇದಕ್ಕೆ ಮನುಸ್ಮೃತಿಯಲ್ಲಿಯೂ ಮಹಾಭಾರತದಲ್ಲಿಯೂ ಉತ್ತರವಿದೆ. ಸಜ್ಜನರ ಮನೆಯಲ್ಲಿ ನಾಲ್ಕಕ್ಕೆ ಎಂದೂ ಕೊರತೆ ಇರುವುದಿಲ್ಲವಂತೆ. ಹಾಸಲು ಒಂದಿಷ್ಟು ಹುಲ್ಲು, ಕೂರಲು ಜಾಗ, ಕುಡಿಯಲು ನೀರು, ನಾಲ್ಕನೆಯದು ಒಳ್ಳೆಯ ಮಾತು. ಇದರಲ್ಲಿ ಹೋಳಿಗೆ ಪಾಯಸದ ಹೆಸರೇ ಇಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಕಡೆಯ ಹಳೆಯ ಪದ್ಧತಿಯೂ ಹೀಗೆಯೇ ಇತ್ತು. ಬಂದವರ ಕಾಲಿಗೆ ನೀರು, ಕೂರಲು ಚಾಪೆ, ಬಾಯಿಗೆ ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಆಮೇಲೆ "ಎಲ್ಲರೂ ಚೆನ್ನಾಗಿದೀರಾ?" ಎಂಬ ಮಾತು. ಇಷ್ಟಾದರೆ ಸತ್ಕಾರ ಆದಂತೆಯೇ.

ಮನೆಯಲ್ಲಿ ಲೋಪ ಆಗುವುದು ಬಡವರಿಗೆ ಮಾತ್ರ ಎಂದು ತಿಳಿಯಬಾರದು. ಸಾಕ್ಷಾತ್ ಯಮಧರ್ಮರಾಜನ ಮನೆಯಲ್ಲೇ ಹೀಗಾಯಿತು. ಕಠೋಪನಿಷತ್ತಿನಲ್ಲಿ ಬರುವ ನಚಿಕೇತನೆಂಬ ಬಾಲಕ ಯಮನ ಮನೆಗೆ ಹೋದಾಗ ಯಮ ಮನೆಯಲ್ಲಿರಲಿಲ್ಲ. ಬಾಲಕ ಮೂರು ರಾತ್ರಿ ಅನ್ನ ನೀರಿಲ್ಲದೆ ಕಾದ. ಯಮ ಬಂದವನೇ ಏನು ಮಾಡಿದ? ಮನೆಯವರನ್ನು ಬೈಯಲಿಲ್ಲ, ತನ್ನ ಕೆಲಸದ ಒತ್ತಡ ಹೇಳಲಿಲ್ಲ. ನಮಸ್ಕಾರ ಮಾಡಿದ, ಉಪವಾಸವಿದ್ದ ಮೂರು ರಾತ್ರಿಗೆ ಮೂರು ವರ ಕೇಳಿಕೋ ಎಂದ. ಆಮೇಲೆ ಕೂತು ಬಾಲಕ ಹೇಳುವುದನ್ನು ಕೇಳಿದ. ನಚಿಕೇತ ಮೊದಲು ಕೇಳಿದ್ದು ಐಶ್ವರ್ಯವನ್ನಲ್ಲ, ತನ್ನ ತಂದೆಯ ಕೋಪ ಇಳಿದು ಮನಸ್ಸು ಶಾಂತವಾಗಲಿ ಎಂದು. ಮಗನ ಮನಸ್ಸಿನಲ್ಲಿ ಅಷ್ಟು ಹೊತ್ತೂ ಮನೆಯ ಚಿಂತೆಯೇ ಇತ್ತು. ಯಮ ಕೇಳದೇ ಇದ್ದಿದ್ದರೆ ಅದು ಹೊರಗೆ ಬರುತ್ತಿರಲಿಲ್ಲ. ಬಂದ ಅತಿಥಿಯ ಹೊಟ್ಟೆಯೊಳಗೆ ಹಸಿವಿನ ಜೊತೆ ಒಂದು ದುಃಖವೂ ಇರಬಹುದು ಎಂಬುದನ್ನು ಇದರಿಂದ ತಿಳಿಯಬೇಕು.

ಇದಕ್ಕೊಂದು ದೃಷ್ಟಾಂತ. ಬೆಟ್ಟದ ತಪ್ಪಲಿನ ಊರಿನಲ್ಲಿ ಒಬ್ಬ ಗೃಹಸ್ಥ ಇದ್ದನೆಂದು ಇಟ್ಟುಕೊಳ್ಳೋಣ. ಹೆಂಡತಿ, ವಯಸ್ಸಾದ ತಾಯಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಅವನ ಜೊತೆ ಹೈಸ್ಕೂಲಿನಲ್ಲಿ ಓದಿದ ಗೆಳೆಯನೊಬ್ಬ ದೂರದ ಪಟ್ಟಣದಲ್ಲಿದ್ದ. ಎಷ್ಟೋ ವರ್ಷದ ಮೇಲೆ ಒಂದು ಶನಿವಾರ ಮಧ್ಯಾಹ್ನ ಗೆಳೆಯ ಕೈಚೀಲ ಹಿಡಿದು ಬಂದ. ಭಾನುವಾರ ದರ್ಶನ ಮಾಡಿಕೊಂಡು ಸಂಜೆ ಬಸ್ಸಿಗೆ ಹೋಗುವುದೆಂದು ಮಾತು. ಅದೇ ಬೆಳಿಗ್ಗೆ ಲೋ ವೋಲ್ಟೇಜಿಗೆ ಮನೆಯ ನೀರಿನ ಮೋಟಾರು ಸುಟ್ಟುಹೋಗಿತ್ತು. ಟ್ಯಾಂಕು ಖಾಲಿ, ಡ್ರಮ್ಮಿನ ತಳದಲ್ಲಿ ನಾಲ್ಕು ಚೊಂಬು ನೀರು. ವೈಂಡಿಂಗ್ ಅಂಗಡಿಯವನು "ಭಾನುವಾರ ರಜ ಸಾರ್, ಸೋಮವಾರ ಸಂಜೆ ಬನ್ನಿ" ಎಂದುಬಿಟ್ಟ.

ಗೃಹಸ್ಥನಿಗೆ ಅವಮಾನವಾದಂತಾಯಿತು. ಬಂದವನ ಕಾಲಿಗೆ ಕೊಡಲೂ ನೀರಿಲ್ಲ. ಆ ಸಿಟ್ಟನ್ನು ಅವನು ಹೆಂಡತಿಯ ಮೇಲೆ ತೀರಿಸಿಕೊಂಡ. "ನಿನ್ನೆಯೇ ಡ್ರಮ್ಮು ತುಂಬಿಸಿಟ್ಕೊಳ್ಳೋಕೆ ಏನಾಗಿತ್ತು ನಿಂಗೆ?" ಎಂದು ಗೆಳೆಯನ ಎದುರಿಗೇ ಕೂಗಾಡಿದ. ಆಕೆ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಗೆಳೆಯ "ಇರ್ಲಿ ಬಿಡೋ ಮಾರಾಯ, ನಾನೇನು ಹೊರಗಿನವನಾ?" ಎಂದ. ಗೃಹಸ್ಥ ಕೇಳಲಿಲ್ಲ. ಸ್ಕೂಟರ್ ಹತ್ತಿ ಟ್ಯಾಂಕರ್ ಹುಡುಕಲು ಹೋದ, ಸಿಗಲಿಲ್ಲ. ಹೋಟೆಲಿಗೆ ಹೋಗಿ ಊಟ ಕಟ್ಟಿಸಿಕೊಂಡು ಬಂದ. ರಾತ್ರಿ ಹತ್ತು ಗಂಟೆವರೆಗೆ ಮೋಟಾರಿನ ವಿಷಯ, ಕರೆಂಟಿನವರ ವಿಷಯ, ಮನೆಯವರ ಅಜಾಗರೂಕತೆಯ ವಿಷಯ ಇದನ್ನೇ ಮಾತಾಡಿದ. ಗೆಳೆಯ ಎರಡು ಸಲ "ನಿಂಗೊಂದು ವಿಷ್ಯ..." ಎಂದು ಶುರು ಮಾಡಿದ್ದ. ಎರಡು ಸಲವೂ ಮೋಟಾರು ಅಡ್ಡ ಬಂತು. ಕೊನೆಗೆ ಅವನು "ನಿದ್ದೆ ಬರ್ತಾ ಇದೆ" ಎಂದು ಮಗ್ಗುಲಾದ.

ಬೆಳಿಗ್ಗೆ ಐದಕ್ಕೆ ತಾಯಿ ಎದ್ದರು. ಮೂರು ಮನೆ ಆಚೆ ಒಂದು ಸೇದುವ ಬಾವಿ ಇತ್ತು. ನಲ್ಲಿ ಬಂದ ಮೇಲೆ ಅದನ್ನು ಯಾರೂ ಕೇಳುತ್ತಿರಲಿಲ್ಲ. ಆಕೆ ಹಗ್ಗ ಹುಡುಕಿ ತೆಗೆದು, ಮಗನ ಕೈಗೆ ಒಂದು ಕೊಡ, ಅತಿಥಿಯ ಕೈಗೆ ಒಂದು ಕೊಡ ಕೊಟ್ಟರು. "ಅಮ್ಮಾ, ಅವನ ಕೈಲಿ ನೀರು ಹೊರಿಸೋದಾ?" ಎಂದು ಮಗ ಅಡ್ಡ ಬಂದ. "ಅವನೂ ನನ್ನ ಮನೇಲಿ ಉಂಡು ಬೆಳೆದ ಹುಡುಗನೇ ಕಣೋ. ಹಿಡಿಯಪ್ಪಾ ನೀನು" ಎಂದರು. ಗೆಳೆಯ ಪಂಚೆ ಎತ್ತಿಕಟ್ಟಿ ಹೊರಟ.

ಇಬ್ಬರೂ ಸೇದಿದರು, ಹೊತ್ತರು. ಐದನೆಯ ಸಲ ಬಾವಿಕಟ್ಟೆಯ ಮೇಲೆ ಸುಧಾರಿಸಿಕೊಳ್ಳಲು ಕೂತಾಗ ಗೆಳೆಯ ಹೇಳಿದ. ಅವನ ಹೆಂಡತಿಗೆ ಬರುವ ಗುರುವಾರ ದೊಡ್ಡ ಆಪರೇಷನ್ನು. ಡಾಕ್ಟರು ಭರವಸೆಯನ್ನೂ ಕೊಟ್ಟಿರಲಿಲ್ಲ, ಬಿಡಿ ಎಂದೂ ಹೇಳಿರಲಿಲ್ಲ. ಮಕ್ಕಳಿಗೆ ಇನ್ನೂ ತಿಳಿಸಿರಲಿಲ್ಲ. ಸ್ವಾಮಿಗೆ ಹರಕೆ ಹೊತ್ತು ಹೋಗೋಣ, ನಿನ್ನ ಹತ್ತಿರವಾದರೂ ಹೇಳಿಕೊಳ್ಳೋಣ ಎಂದು ಬಂದಿದ್ದ. "ನಿನ್ನೆ ನಿಮ್ಮ ಪರದಾಟ ನೋಡಿ, ನನ್ನದೂ ಒಂದು ಯಾಕೆ ಇವರ ತಲೆಗೆ ಅಂತ ಸುಮ್ಮನಾದೆ" ಎಂದ. ಗೃಹಸ್ಥನಿಗೆ ಬಾಯಿಂದ ಮಾತು ಹೊರಡಲಿಲ್ಲ. ಕೊಡ ಅಲ್ಲೇ ಬಿಟ್ಟು ಗೆಳೆಯನ ಕೈ ಹಿಡಿದುಕೊಂಡ.

ಆ ದಿನ ಅವರು ಬಾಳೆ ಎಲೆಯ ಮೇಲೆ ಅನ್ನ, ಹುರುಳಿ ಸಾರು ಉಂಡರು. ತೊಳೆಯಲು ಪಾತ್ರೆ ಹೆಚ್ಚಾಗಬಾರದೆಂದು ಗೃಹಿಣಿ ಅಷ್ಟೇ ಮಾಡಿದ್ದಳು. ಗೃಹಸ್ಥ ಹೆಂಡತಿಯ ಹತ್ತಿರ ಹೋಗಿ ನಿನ್ನೆ ಆಡಿದ್ದು ತಪ್ಪು ಎಂದು ಹೇಳಿದ. ಆಕೆ ಗೆಳೆಯನಿಗೆ, "ಅಣ್ಣಾ, ಅತ್ತಿಗೆ ಆಸ್ಪತ್ರೆಯಲ್ಲಿರೋವಷ್ಟು ದಿನ ನಾನು ಬಂದು ಮಕ್ಕಳನ್ನ ನೋಡ್ಕೋತೀನಿ. ಇಲ್ಲಿ ಅತ್ತೆ ಇದಾರೆ" ಎಂದಳು. ಎಲ್ಲರೂ ಬೆಟ್ಟ ಹತ್ತಿ ಹರಕೆ ಕಟ್ಟಿದರು.

ಮೋಟಾರು ಸುಟ್ಟಿದ್ದು ಒಳ್ಳೆಯದಾಯಿತು ಎಂದು ಹೇಳುವುದು ಇದರ ಉದ್ದೇಶವಲ್ಲ. ಅದರ ರಿಪೇರಿಗೆ ಖರ್ಚಾಯಿತು, ಮನೆಯವರಿಗೆ ಕಷ್ಟವೂ ಆಯಿತು. ಕಾಯಿಲೆ ವಾಸಿಯಾಗುವುದು ವೈದ್ಯರ ಕೈಗುಣ, ದೇವರ ಕೃಪೆ. ಆದರೆ "ನೀನೊಬ್ಬನೇ ಇದನ್ನು ಹೊರಬೇಡ" ಎಂದು ಹೇಳುವುದು ಸ್ನೇಹಿತನ ಕೈಯಲ್ಲೇ ಇದೆ. ಹಿಂದೆ ಹೇಳಿದ ನಾಲ್ಕು ಉಪಚಾರಗಳಲ್ಲಿ ಆ ಮನೆಯಲ್ಲಿ ಶನಿವಾರ ನೀರೊಂದು ಇರಲಿಲ್ಲ ನಿಜ. ಅದನ್ನು ಹುಡುಕುವ ಭರದಲ್ಲಿ ಗೃಹಸ್ಥನು ನಾಲ್ಕನೆಯದನ್ನೂ ಕಳೆದುಕೊಂಡಿದ್ದ. ನೀರಿಗೆ ಮೋಟಾರು ಬೇಕು, ಅಡುಗೆಗೆ ಗ್ಯಾಸ್ ಬೇಕು. ಒಳ್ಳೆಯ ಮಾತಿಗೆ ಏನೂ ಬೇಡ, ಕರೆಂಟು ಹೋದರೂ ಅದು ನಿಲ್ಲುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಅತಿಥಿಯ ಎದುರಿಗೆ ಮನೆಯ ಹೆಣ್ಣುಮಕ್ಕಳನ್ನು ಗದರಿಸಿ ಬಡಿಸಿದ ಊಟ ಅತಿಥಿಗೆ ಮೈಗೆ ಹತ್ತುವುದಿಲ್ಲ. ತನ್ನಿಂದ ಒಬ್ಬರು ಅತ್ತರು ಎಂಬ ಸಂಕಟದಲ್ಲಿ ಅವನು ಉಣ್ಣಬೇಕಾಗುತ್ತದೆ. ಅತಿಥಿ ಸತ್ಕಾರದ ಪುಣ್ಯ ಯಜಮಾನನಿಗೆ, ಶ್ರಮ ಮಾತ್ರ ಗೃಹಿಣಿಗೆ ಎಂದರೆ ಯಾವ ದೇವರೂ ಒಪ್ಪುವುದಿಲ್ಲ.

ಶ್ರೀಕೃಷ್ಣನು ಕುಚೇಲನನ್ನು ಬರಮಾಡಿಕೊಂಡ ಕಥೆ ಭಾಗವತದ ದಶಮ ಸ್ಕಂಧದಲ್ಲಿದೆ. ದ್ವಾರಕೆಯ ಅರಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಸ್ವಾಮಿಯು ಸಂಪತ್ತನ್ನು ತೋರಿಸುತ್ತಾ ಕೂರಲಿಲ್ಲ. ಗೆಳೆಯನ ಕಾಲು ತೊಳೆದು, ಕೈ ಹಿಡಿದು ಕೂತು ಮಾತಾಡಿದ. ಮಾತಾಡಿದ್ದಾದರೂ ಏನು? ಸಾಂದೀಪನಿ ಗುರುಗಳ ಮನೆಯಲ್ಲಿದ್ದಾಗ ಸೌದೆ ತರಲು ಕಾಡಿಗೆ ಹೋಗಿ, ಗಾಳಿ ಮಳೆಗೆ ಸಿಕ್ಕಿ, ದಾರಿ ತಪ್ಪಿ, ಕೈ ಕೈ ಹಿಡಿದು ರಾತ್ರಿಯೆಲ್ಲ ಕಳೆದದ್ದು! ಅವರಿಬ್ಬರ ಸ್ನೇಹದಲ್ಲಿ ನೆನಪಾಗಿ ಉಳಿದದ್ದು ಸುಖದ ಊಟವಲ್ಲ, ಕೂಡಿ ಪಟ್ಟ ಕಷ್ಟ. ಕುಚೇಲನು ಏನನ್ನೂ ಕೇಳಲಿಲ್ಲ. ಬಡತನವನ್ನು ಬಾಯಿಬಿಟ್ಟು ಹೇಳಲೂ ಇಲ್ಲ. ಸ್ವಾಮಿಯೇ ಅರಿತು ಕೊಟ್ಟ. ಸ್ವಾಮಿಗೆ ಕೇಳದೆಯೇ ತಿಳಿಯುತ್ತದೆ. ನಾವು ಮನುಷ್ಯರು, ಕೇಳಿ ತಿಳಿಯಬೇಕು.

ವನಪರ್ವದಲ್ಲಿ ದ್ರೌಪದಿಯ ಊಟವಾಗಿ ಅಕ್ಷಯಪಾತ್ರೆ ತೊಳೆದಿಟ್ಟ ಮೇಲೆ ದೂರ್ವಾಸರು ಶಿಷ್ಯರ ಸಮೂಹದೊಂದಿಗೆ ಬಂದರು. ಆಕೆ ಇರುವುದನ್ನು ಇದೆ ಎಂದು, ಇಲ್ಲದ್ದನ್ನು ಇಲ್ಲ ಎಂದು ಕೃಷ್ಣನಲ್ಲಿ ಹೇಳಿಕೊಂಡಳು. ಪಾತ್ರೆಗೆ ಅಂಟಿದ್ದ ಒಂದು ಚೂರು ಸೊಪ್ಪಿನಿಂದ ಸ್ವಾಮಿಯು ಎಲ್ಲರ ಹಸಿವು ನೀಗಿಸಿದ. ಇಲ್ಲದ್ದನ್ನು ಮುಚ್ಚಿಟ್ಟು ಸಾಲ ಮಾಡಿ ಉಪಚಾರ ಮಾಡು ಎಂದು ಯಾರೂ ಹೇಳಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಅತಿಥಿ ಸತ್ಕಾರಕ್ಕೂ ಸಲ್ಲುತ್ತದೆ. ಬಡವರ ಮನೆ ಊಟ ಚೆನ್ನ, ದೊಡ್ಡವರ ಮನೆ ನೋಟ ಚೆನ್ನ ಎಂದು ಸುಮ್ಮನೆ ಹೇಳಿದ್ದಲ್ಲ.

ಅತಿಥಿಗೂ ಧರ್ಮವಿದೆ. ಯಾತ್ರಾರ್ಥಿಗಳಾಗಿ ಸ್ನೇಹಿತರ ಮನೆಯಲ್ಲಿ ಇಳಿದುಕೊಳ್ಳುವವರು ಮುಂಚಿತವಾಗಿ ತಿಳಿಸಬೇಕು. ಬರಿಗೈಯಲ್ಲಿ ಹೋಗಬಾರದು, ಕುಚೇಲನೂ ಹರಕು ಬಟ್ಟೆಯಲ್ಲಿ ಅವಲಕ್ಕಿ ಕಟ್ಟಿಕೊಂಡೇ ಹೋದ. ಮನೆಯಲ್ಲಿ ಏನಾದರೂ ಕೆಟ್ಟಿದ್ದರೆ ಅದರ ಕಡೆ ಬೆರಳು ತೋರಿಸಬಾರದು, ಒಂದು ಕೊಡ ತಾನೂ ಹಿಡಿಯಬೇಕು. ನೀರನ್ನು ಹಿತಮಿತವಾಗಿ ಬಳಸಬೇಕು. ಮನುಸ್ಮೃತಿಯ ಪ್ರಕಾರ ಒಂದು ರಾತ್ರಿ ತಂಗುವವನೇ ಅತಿಥಿ. ಮನೆಯವರಿಗೆ ತೊಂದರೆ ಇದ್ದಾಗ ಹೆಚ್ಚು ದಿನ ನಿಲ್ಲಬಾರದು. ಮುಖ್ಯವಾಗಿ, ಮನಸ್ಸಿನಲ್ಲಿ ದುಃಖವಿದ್ದರೆ ಸಂಕೋಚ ಬಿಟ್ಟು ಹೇಳಿಕೊಳ್ಳಬೇಕು. ಸ್ನೇಹಿತನನ್ನು ನಂಬಿ ಹೇಳಿಕೊಳ್ಳುವುದೂ ಅವನಿಗೆ ಮಾಡುವ ಒಂದು ಗೌರವವೇ.

ಆದ್ದರಿಂದ ಭಕ್ತ ಮಹಾಶಯರೇ, ತಮ್ಮ ಮನೆಗೆ ಸ್ನೇಹಿತರು ಬಂದ ದಿನವೇ ಏನಾದರೂ ಕೆಟ್ಟು ನಿಂತರೆ ಗಾಬರಿಯಾಗಬೇಡಿ. "ಹೀಗಾಗಿದೆಯಪ್ಪಾ" ಎಂದು ಒಂದೇ ಸಲ ಹೇಳಿ, ಚಾಪೆ ಹಾಸಿ, ಇದ್ದುದರಲ್ಲಿ ಒಂದು ಲೋಟ ನೀರು ಕೊಡಿ. ಆಮೇಲೆ ಎದುರಿಗೆ ಕೂತು, "ಏನು ವಿಷ್ಯ, ಹೇಗಿದೀಯ?" ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನಿರಿ. ಅಷ್ಟು ಮಾಡಿದ ಮನೆಯಲ್ಲಿ ಸ್ವಾಮಿಯು ತಾನೇ ಬಂದು ಕೂರುತ್ತಾನೆ.

ಎಲ್ಲರಿಗೂ ಮಂಗಳವಾಗಲಿ.