ಅಳೆಯುವವನ ಕೈ

ಒಬ್ಬನ ಕೈಕೆಳಗೆ ಹತ್ತು ಆಳುಗಳಿರಲಿ, ಇಬ್ಬರೇ ಇರಲಿ, ತಾನು ಅವರನ್ನು ಹೇಗೆ ನಡಿಸುತ್ತೇನೆಂದು ಅವನು ಎಂದಾದರೂ ವಿಚಾರಿಸಿಕೊಂಡದ್ದುಂಟೋ? ಪ್ರಿಯ ವಾಚಕರೇ, ಇದು ದೊಡ್ಡ ಧಣಿಗಳಿಗೆ ಮಾತ್ರ ಸೇರಿದ ಪ್ರಶ್ನೆಯೆಂದು ತಿಳಿಯಬೇಡಿರಿ. ನಮ್ಮ ಸೀಮೆಯಲ್ಲಿ ಸಸಿ ನೆಡುವ ಹೆಂಗಸರ ಗುಂಪಿಗೆ ಒಬ್ಬಳು ಮುಂದಾಳು. ಅಡಿಕೆ ಕೊಯ್ಲಿಗೆ ಒಬ್ಬ ಕೊನೆಗೌಡ, ಅವನ ಮಾತಿನಂತೆ ಕೆಳಗೆ ಹಗ್ಗ ಹಿಡಿಯುವವನೊಬ್ಬ. ಹೀಗೆ ಬಡವರಲ್ಲಿಯೂ ಅಧಿಕಾರವು ಸ್ವಲ್ಪ ಸ್ವಲ್ಪವಾಗಿ ಹಂಚಿಹೋಗಿದೆ.

ವಿಚಾರಿಸಿಕೊಂಡರೂ ನಮಗೆ ದೊರೆಯುವ ಉತ್ತರವು ಬಹಳ ಮಟ್ಟಿಗೆ ಸುಳ್ಳಾಗಿರುವದು. ಯಾಕಂದರೆ ನಾವು ನಮ್ಮ ಮನಸ್ಸನ್ನು ನೋಡಿ ತೀರ್ಪು ಮಾಡುತ್ತೇವೆ. ಆಳುಗಳಾದರೋ ನಮ್ಮ ಕೈಯನ್ನು ನೋಡುತ್ತಾರೆ.

ಸಾಗರ ತಾಲೂಕಿನ ಕಾಗೋಡಿನಲ್ಲಿ 1951ನೆಯ ಇಸವಿಯಲ್ಲಿ ನಡೆದದ್ದನ್ನು ಹಿರಿಯರಿಂದ ಕೇಳಿದವರು ನಿಮ್ಮಲ್ಲಿ ಅನೇಕರಿರುವರು. ಗೇಣಿಯ ಭತ್ತವನ್ನು ಅಳೆಯುವ ಕೊಳಗವು ಸರಿಯಾದ ಅಳತೆಗಿಂತ ದೊಡ್ಡದೆಂಬುದೇ ಒಕ್ಕಲುಗಳ ಮುಖ್ಯ ದೂರು. ಎಚ್. ಗಣಪತಿಯಪ್ಪನವರು ಅವರನ್ನು ಒಟ್ಟುಗೂಡಿಸಿದರು; ಏಪ್ರಿಲಿನಲ್ಲಿ ಸತ್ಯಾಗ್ರಹವು ಮೊದಲಾಯಿತು; ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಜೊತೆಯಾದರು; ಜೂನಿನಲ್ಲಿ ರಾಮಮನೋಹರ ಲೋಹಿಯಾ ಬಂದು ಸೆರೆಯಾದರು. ಮರುವರುಷ ಸಾಗರ–ಹೊಸನಗರದ ಮತದಾರರು ಗೋಪಾಲಗೌಡರನ್ನೇ ಶಾಸನಸಭೆಗೆ ಕಳುಹಿಸಿದರು. 1974ರ ಭೂಸುಧಾರಣೆಯಿಂದ ಗೇಣಿಯ ಪದ್ಧತಿಯೇ ಹೋಯಿತು.

ಆ ಕಾಲದ ಒಡೆಯರೆಲ್ಲರೂ ಕ್ರೂರರೆಂದು ನಾವು ಹೇಳಲಾರೆವು. ಮಳೆಗಾಲದಲ್ಲಿ ಒಕ್ಕಲಿಗೆ ಭತ್ತವನ್ನು ಕಡ ಕೊಟ್ಟು, ತಾನು ಇವರ ತಂದೆಯೆಂದು ನಿಜವಾಗಿ ನಂಬಿದವರೂ ಇದ್ದಿರಬೇಕು. ಆದರೆ ಕಣದಲ್ಲಿ ನಿಂತ ಒಕ್ಕಲಿಗೆ ಕಂಡದ್ದು ಕೊಳಗವೇ ಹೊರತು ಆ ತಂದೆಯ ಮನಸ್ಸಲ್ಲ.

ಈಗ ನಮ್ಮ ಸಂಗತಿ. ಕೆಲವು ವರುಷ ನಾವು ಒಂದು ತೋಟದ ಮನೆಯಲ್ಲಿ ಅಡಿಕೆ ಸುಲಿತದ ಲೆಕ್ಕವನ್ನು ನೋಡಿಕೊಂಡೆವು. ಹೆಂಗಸರು ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದದ್ದನ್ನು ಡಬ್ಬದಲ್ಲಿ ಅಳೆದು, ಡಬ್ಬಕ್ಕೆ ಇಷ್ಟೆಂದು ಕೂಲಿ ಬರೆಯುವದು ನಮ್ಮ ಕೆಲಸ. ಯಾರನ್ನೂ ಗದರಿಸಿದವರಲ್ಲ; ಅಕ್ಕಾ, ಅಮ್ಮಾ ಎಂದೇ ಕರೆದವರು. ಆದದರಿಂದ ನಮ್ಮನ್ನು ನಾವು ಒಳ್ಳೆಯವರೆಂದೇ ಎಣಿಸಿಕೊಂಡಿದ್ದೆವು. ಒಂದು ರಾತ್ರಿ ವಯಸ್ಸಾದ ಒಬ್ಬ ತಾಯಿ ಮೆಲ್ಲಗೆ, “ಅಯ್ಯಾ, ನಿಮ್ಮ ಮಾತೇನೋ ಮೆತ್ತಗೆ, ಡಬ್ಬಕ್ಕೆ ಮಾತ್ರ ಗೋಪುರ” ಅಂದಳು. ಎಲ್ಲರೂ ನಕ್ಕರು. ನಾವೂ ನಕ್ಕೆವು.

ಆ ರಾತ್ರಿ ನಿದ್ರೆ ಬರಲಿಲ್ಲ. ಡಬ್ಬದ ಬಾಯಿಯ ಮೇಲೆ ರಾಶಿ ನಿಲ್ಲುವ ತನಕ ತುಂಬಬೇಕೆಂದು ಧಣಿಯು ನಮಗೆ ಹೇಳಿರಲಿಲ್ಲ. ಅವನ ಮೆಚ್ಚಿಕೆಗಾಗಿ ನಮ್ಮ ಕೈ ತಾನಾಗಿ ಕಲಿತಿತ್ತು. ಮತ್ತೊಂದನ್ನು ಹೇಳಲು ನಾಚಿಕೆಯಾಗುತ್ತದೆ. ಎದುರು ಮಾತಾಡುವವಳ ಡಬ್ಬವು ಸಮವಾಗಿರುತ್ತಿತ್ತು, ಸುಮ್ಮನಿರುವವಳದೇ ಗೋಪುರವಾಗುತ್ತಿತ್ತು. ನಿಮ್ಮ ಕೈಕೆಳಗೆ ಎಲ್ಲರಿಗಿಂತ ಸುಮ್ಮನಿರುವವರು ಯಾರು? ಅವರಿಗೆ ಹೇಗೆ ಅಳೆಯುತ್ತೀರಿ?

ಮಾರನೆಯ ರಾತ್ರಿ ಒಂದು ಕೋಲನ್ನು ತಂದು, ಡಬ್ಬದ ಬಾಯಿಯ ಮೇಲೆ ಅದನ್ನು ಎಳೆಯುವ ಕೆಲಸವನ್ನು ಆ ತಾಯಿಗೇ ಒಪ್ಪಿಸಿದೆವು. ಮೊದಲನೆಯ ಡಬ್ಬದಿಂದ ಉದುರಿದ ಅಡಿಕೆಯನ್ನು ಅವಳು ಬೊಗಸೆಯಲ್ಲಿ ಎತ್ತಿ, ನಮ್ಮ ಮುಖವನ್ನೂ ನೋಡದೆ, ಮುಂದಿನ ಡಬ್ಬಕ್ಕೆ ಹಾಕಿದಳು.