ಹಿಮ ಕರಗಿದ ಮೇಲಿನ ಕೆಲಸ

ಯುಗಾದಿ ಕಳೆದು, ಅಂಗಡಿಗಳ ಮುಂದಿನ ಕೊನೆಯ ಹಿಮದ ಗುಡ್ಡೆ ಕರಗುವ ಹೊತ್ತಿಗೆ ಮಿನೆಸೋಟದ ನಮ್ಮ ಕನ್ನಡಿಗರ ಮನೆಗಳ ಗ್ಯಾರೇಜಿನಲ್ಲಿ ಅದಲುಬದಲು ನಡೆಯುತ್ತದೆ. ಹಿಮ ಎತ್ತುವ ಸಲಿಕೆ ಒಳಗೆ ಸರಿಯುತ್ತದೆ, ಮಕ್ಕಳ ಸೈಕಲ್ಲು ಹೊರಗೆ ಬರುತ್ತದೆ, ಮೆಂತ್ಯ ಕೊತ್ತಂಬರಿ ಬಿತ್ತಲು ಕುಂಡಗಳು ಸಿದ್ಧವಾಗುತ್ತವೆ. ಸ್ಕೀಗಳನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಮಾರ್ಚ್‌ನಲ್ಲಿ ಬಕ್ ಹಿಲ್ ಅಥವಾ ಆಫ್ಟನ್ ಆಲ್ಪ್ಸ್ ಸ್ಕೀ ಗುಡ್ಡದಿಂದ ಬಂದು ಗೋಡೆಗೆ ಒರಗಿಸಿದ್ದು ನವೆಂಬರ್‌ವರೆಗೂ ಅಲ್ಲೇ ಇರುತ್ತದೆ. ಕೆಳಗೆ ತೇವ ಹೀರುವ ಸಿಮೆಂಟ್ ನೆಲ, ಅಂಚಿನಲ್ಲಿ ರಸ್ತೆಯ ಉಪ್ಪು, ಎರಡು ಸ್ಕೀಗಳ ನಡುವೆ ಆರದ ನೀರು. ಎಷ್ಟೋ ಒಳ್ಳೆಯ ಸ್ಕೀಗಳು ಬಳಸದೆ ಬಿಟ್ಟ ಈ ತಿಂಗಳುಗಳಲ್ಲೇ ಹೆಚ್ಚು ಕೆಡುತ್ತವೆ.

ನಾನು ಗುಬ್ಬಿ ತಾಲ್ಲೂಕಿನ ರಾಗಿ ಬೆಳೆಯುವ ಮನೆಯವನು. ನಮ್ಮ ಕಡೆ ಹಿಮದ ಸುದ್ದಿಯಿಲ್ಲ. ಆದರೆ ವರ್ಷದಲ್ಲಿ ಕೆಲವೇ ದಿನ ಬೇಕಾಗುವ, ಆ ಕೆಲವು ದಿನ ಮಾತ್ರ ಕೈಕೊಡಲೇಬಾರದ ಮರದ ಉಪಕರಣವೊಂದು ಮನೆಮನೆಯಲ್ಲಿತ್ತು, ಕೂರಿಗೆ. ಪುನರ್ವಸು, ಪುಷ್ಯ ಮಳೆ ಬಿದ್ದು ಹೊಲ ಹದಕ್ಕೆ ಬಂದಾಗ ಬಿತ್ತನೆಗೆ ಸಿಗುವ ಕಾಲ ಬಹಳ ಚಿಕ್ಕದು. ಹದ ಆರಿದರೆ ಮತ್ತೊಂದು ಮಳೆಗೆ ಮುಖ ಮಾಡಿ ಕೂರಬೇಕು. ಅಂಥ ಬೆಳಗ್ಗೆ ಅಟ್ಟದಿಂದ ಕೂರಿಗೆ ಇಳಿಸಿದಾಗ ತಾಳು ಸಡಿಲವಾಗಿದ್ದರೆ, ಬಿದಿರಿನ ಕೊಳವೆ ಸೀಳಿದ್ದರೆ, ಬಡಗಿಯನ್ನು ಕರೆತರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆಗ ಬಡಗಿಯ ಮನೆ ಮುಂದೆ ಇಡೀ ಊರೇ ನಿಂತಿರುತ್ತದೆ.

ಆದ್ದರಿಂದ ಕೂರಿಗೆಯ ಆರೈಕೆ ಬಿತ್ತನೆ ಮುಗಿದ ದಿನವೇ ಆಗಬೇಕಿತ್ತು. ಎತ್ತುಗಳಿಗೆ ನೀರು ತೋರಿಸಿ, ಹುಲ್ಲು ಹಾಕಿದ ಮೇಲೆ ನಮ್ಮ ತಾತ ಊಟಕ್ಕೆ ಬರುತ್ತಿರಲಿಲ್ಲ, ಕೂರಿಗೆಯ ಹತ್ತಿರ ಕೂರುತ್ತಿದ್ದರು. ತಾಳುಗಳ ತುದಿಯ ಕಬ್ಬಿಣಕ್ಕೆ ಅಂಟಿದ ಮಣ್ಣನ್ನು ಹಸಿಯಿರುವಾಗಲೇ ಕೆರೆಯುವುದು, ಕೊಳವೆಯೊಳಗೆ ಕಡ್ಡಿ ಆಡಿಸಿ ಉಳಿದ ಕಾಳು ಉದುರಿಸುವುದು, ಬಟ್ಟಲನ್ನು ಬಟ್ಟೆಯಿಂದ ಒರೆಸುವುದು. ಒಂದು ಹಿಡಿ ರಾಗಿ ತೇವದಲ್ಲಿ ಉಳಿದರೂ ಕೊಳವೆಯಲ್ಲೇ ಮೊಳೆತು, ಕೊಳೆತು, ಬಿದಿರನ್ನು ಕೆಡಿಸುತ್ತದೆ. ಆಮೇಲೆ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ದಿಂಡು ಬಿರಿಯುತ್ತದೆ. ಒಣಗಿದ ಮರಕ್ಕೆ ಹೊಂಗೆ ಎಣ್ಣೆ ಸವರಿ, ಜಂತೆಗೆ ಎರಡು ಕಡೆ ಹಗ್ಗ ಬಿಗಿದು, ಭಾರ ಒಂದೇ ಕಡೆ ಬೀಳದಂತೆ ತೂಗುಹಾಕುತ್ತಿದ್ದರು. ಕುಣಿಗಲ್ ಕಡೆಯ ಅಜ್ಜಿಯ ಮನೆಯಲ್ಲಿ ಅದಕ್ಕೆ ಗೊತ್ತಾದ ಜಾಗ ಅಡುಗೆಮನೆಗೆ ಹೊಂದಿಕೊಂಡ ಅಟ್ಟ. ಸೌದೆ ಒಲೆಯ ಹೊಗೆ ಅಲ್ಲಿಗೆ ಏರಿ ಇಲ್ಲಣ ಕಟ್ಟುತ್ತಿತ್ತು. ಹೊಗೆ ಕುಡಿದ ಬಿದಿರಿಗೆ ಕುಟ್ಟೆ ಹಿಡಿಯುತ್ತಿರಲಿಲ್ಲ. ನೆಲಕ್ಕೆ ತಾಗಿಸಿದ್ದರೆ ಗೆದ್ದಲಿನ ಪಾಲು.

ಹಾಕಿಡುವುದೂ ಬೇಸಾಯದ ಕೆಲಸವೇ ಎಂದು ಆ ಮನೆಗಳಲ್ಲಿ ತಿಳಿದಿದ್ದರು. ಸ್ಕೀಯ ವಿಷಯದಲ್ಲಿ ನನ್ನ ಒತ್ತಾಯವೂ ಅಷ್ಟೇ. ಕೊನೆಯ ದಿನದ ಸ್ಕೀಯಿಂಗ್ ಮುಗಿಯುವುದು ಬೆಟ್ಟದ ಬುಡದಲ್ಲಿ ಬೂಟು ಬಿಚ್ಚಿದಾಗಲ್ಲ. ಸ್ಕೀಯನ್ನು ತೊಳೆದು, ಒಣಗಿಸಿ, ಮೇಣ ಹಚ್ಚಿ, ತಕ್ಕ ಜಾಗದಲ್ಲಿ ಇಟ್ಟಾಗ.

ಯಾಕೆ ಎಂಬುದಕ್ಕೆ ಸ್ಕೀಯ ಒಳಗನ್ನು ನೋಡಬೇಕು. ಹೊರಗೆ ಬಣ್ಣದ ಪ್ಲಾಸ್ಟಿಕ್ ಕಂಡರೂ ಬಹುಪಾಲು ಸ್ಕೀಗಳ ತಿರುಳು ಇವತ್ತಿಗೂ ಮರವೇ. ಪಾಪ್ಲರ್, ಆಷ್, ಬೀಚ್, ಹಗುರ ಬೇಕಾದಲ್ಲಿ ಪೌಲೋನಿಯಾ. ಅದರ ಮೇಲೆ ಕೆಳಗೆ ಫೈಬರ್‌ಗ್ಲಾಸ್ ಪದರ, ತಳಕ್ಕೆ ಪಾಲಿಎಥಿಲೀನ್, ತಳದ ಎರಡೂ ಬದಿಗೆ ಉಕ್ಕಿನ ಅಂಚು. ಈ ಉಕ್ಕಿಗೆ ಬೇಗ ತುಕ್ಕು ಹಿಡಿಯುತ್ತದೆ. ಕಾರಿನ ಮೇಲೆ ಕಟ್ಟಿಕೊಂಡು ಬರುವಾಗ ಹೆದ್ದಾರಿಗೆ ಸುರಿದ ಉಪ್ಪಿನ ನೀರು ಸಿಡಿದಿದ್ದರಂತೂ ರಾತ್ರಿ ಬೆಳಗಾಗುವುದರಲ್ಲಿ ಅಂಚು ಕೆಂಪಾಗುತ್ತದೆ. ತಳದ ಪಾಲಿಎಥಿಲೀನ್ ನುಣುಪಾಗಿ ಕಂಡರೂ ಒಂದಿಷ್ಟು ಮೇಣವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಮೇಣ ತೀರಿ ಬರಿದಾದ ತಳ ಬೇಸಗೆಯುದ್ದಕ್ಕೂ ಗಾಳಿಗೆ ತೆರೆದುಕೊಂಡರೆ ಬಿಳಿಚಿಕೊಂಡು ಒರಟಾಗುತ್ತದೆ. ಮುಂದಿನ ಡಿಸೆಂಬರ್‌ನಲ್ಲಿ ಅಂಥ ಸ್ಕೀ ಜಾರುವುದಿಲ್ಲ, ಹಿಮವನ್ನು ಹಿಡಿದುಕೊಳ್ಳುತ್ತದೆ.

ಮಾಡಬೇಕಾದ್ದು ಒಂದು ಮಧ್ಯಾಹ್ನದ ಕೆಲಸ. ಮೊದಲು ಸಿಹಿನೀರಿನಲ್ಲಿ ತೊಳೆಯಿರಿ, ಮೆತ್ತನೆಯ ಬಟ್ಟೆಯಿಂದ. ಬೂಟನ್ನು ಸ್ಕೀಗೆ ಸಿಕ್ಕಿಸುವ ಬೈಂಡಿಂಗ್ ಮೇಲೆ ಪೈಪಿನ ರಭಸದ ನೀರು ಬಿಡಬಾರದು. ಒಳಗಿನ ಗ್ರೀಸ್ ಕೊಚ್ಚಿಹೋಗಿ ಅದರ ಜಾಗಕ್ಕೆ ಕೊಳೆ ಸೇರುತ್ತದೆ. ಒರೆಸಿ, ಮನೆಯೊಳಗೆ ಒಂದು ರಾತ್ರಿ ಒಣಗಲು ಬಿಡಿ. ಅಂಚಿನಲ್ಲಿ ತುಕ್ಕಿನ ಚುಕ್ಕೆಗಳಿದ್ದರೆ ಅಂಚು ಉಜ್ಜುವ ರಬ್ಬರ್ ಕಲ್ಲಿನಿಂದ ಉಜ್ಜಿದರೆ ಹೋಗುತ್ತವೆ. ಆಳದ ಗೀರು, ಕಿತ್ತ ಅಂಚು ಇದ್ದರೆ ಏಪ್ರಿಲ್‌ನಲ್ಲೇ ಸ್ಕೀ ಅಂಗಡಿಗೆ ಕೊಡಿ. ಆಗ ಅವರಿಗೂ ಬಿಡುವು. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಹೋದರೆ ಆ ಅಂಗಡಿ ನಮ್ಮೂರ ಬಡಗಿಯ ಮನೆಯಂತೆಯೇ ಇರುತ್ತದೆ.

ಆಮೇಲೆ ಮೇಣ. ಬೇಸಗೆಗೆ ಇಡುವ ಸ್ಕೀಗೆ ದುಬಾರಿ ಮೇಣ ಬೇಕಿಲ್ಲ. ಬೆಚ್ಚನೆಯ ಹವೆಗೆಂದು ಮಾರುವ ಮೃದುವಾದ ಸಾದಾ ಮೇಣವೇ ಸರಿ. ಇಸ್ತ್ರಿಪೆಟ್ಟಿಗೆಯಂಥ ಮೇಣದ ಪೆಟ್ಟಿಗೆಯನ್ನು ಮೇಣದ ಪೊಟ್ಟಣದ ಮೇಲೆ ಬರೆದ ಶಾಖಕ್ಕೆ ಇಟ್ಟು, ಕರಗಿದ್ದನ್ನು ತಳದ ಉದ್ದಕ್ಕೂ ಹನಿಸಿ, ನಿಲ್ಲದೆ ಎಳೆಯುತ್ತಾ ಹೋಗಬೇಕು. ಒಂದೇ ಕಡೆ ನಿಲ್ಲಿಸಿದರೆ ತಳ ಸುಡುತ್ತದೆ. ಮೇಣದಿಂದ ಹೊಗೆ ಎದ್ದರೆ ಶಾಖ ಹೆಚ್ಚಾಯಿತೆಂದೇ ಅರ್ಥ. ಬಟ್ಟೆ ಇಸ್ತ್ರಿ ಮಾಡುವ ಪೆಟ್ಟಿಗೆ ಈ ಕೆಲಸಕ್ಕೆ ಬೇಡ. ಅದರ ಶಾಖ ಏರಿಳಿಯುತ್ತಲೇ ಇರುತ್ತದೆ. ಪದರ ದಪ್ಪಗಿರಲಿ, ಉಕ್ಕಿನ ಅಂಚಿನ ಮೇಲೂ ಹರಿಯಲಿ. ಸ್ಕೀಯಿಂಗ್‌ಗೆ ಹೊರಡುವಾಗ ಹೆಚ್ಚಿನ ಮೇಣವನ್ನು ಕೆರೆದು ತೆಗೆಯುತ್ತೇವಲ್ಲ, ಈಗ ಕೆರೆಯಬಾರದು. ಆ ಪದರವೇ ತಳಕ್ಕೂ ಅಂಚಿಗೂ ಚಳಿಗಾಲದವರೆಗಿನ ಹೊದಿಕೆ.

ಹೇಗೆ ಇಡಬೇಕು ಎಂಬುದರಲ್ಲಿ ಹಳೆಯ ಮರದ ಸ್ಕೀಗಳ ಪದ್ಧತಿ ನನಗೆ ಬಹಳ ಇಷ್ಟ. ನಾರ್ವೆಯಿಂದ ಮಿನೆಸೋಟಕ್ಕೆ ಬಂದು ನೆಲೆಸಿದವರು ತಂದ ಉದ್ದನೆಯ ಮರದ ಸ್ಕೀಗಳಿಗೆ ಪೈನ್ ಮರದ ಟಾರು ಬಳಿಯುತ್ತಿದ್ದರು. ಬಳಸದ ದಿನಗಳಲ್ಲಿ ಎರಡು ಸ್ಕೀಗಳ ತಳ ತಳ ಕೂಡಿಸಿ, ಮೂತಿ ಬಾಲಗಳನ್ನು ಕಟ್ಟಿ, ನಡುವೆ ಒಂದು ಮರದ ತುಂಡು ಸಿಕ್ಕಿಸುತ್ತಿದ್ದರು. ಸ್ಕೀಯ ನಡುಭಾಗ ಕಮಾನಿನಂತೆ ಮೇಲೆದ್ದಿರುತ್ತದೆ. ನಿಂತವನ ಭಾರವನ್ನು ಉದ್ದಕ್ಕೂ ಹಂಚುವುದು ಆ ಕಮಾನು. ಬರಿ ಮರ ತೇವ ಹೀರಿ ಆ ಬಾಗು ಕಳೆದುಕೊಳ್ಳದಿರಲಿ ಎಂದು ಆ ತುಂಡು. ಫೈಬರ್‌ಗ್ಲಾಸ್ ತೊಡಿಸಿದ ಇಂದಿನ ಸ್ಕೀಗೆ ತುಂಡಿನ ಅಗತ್ಯವಿಲ್ಲ. ಆದರೆ ಎರಡನ್ನೂ ನಡುವಿನಲ್ಲಿ ಬಿಗಿಯಾಗಿ ಅದುಮಿ ಪಟ್ಟಿ ಕಟ್ಟಿ ಏಳೆಂಟು ತಿಂಗಳು ಬಿಡುವುದು ಇವಕ್ಕೂ ಒಳ್ಳೆಯದಲ್ಲ. ಪಟ್ಟಿ ಸಡಿಲವಾಗಿರಲಿ, ಅಥವಾ ಬೇರೆ ಬೇರೆಯಾಗಿಯೇ ಇರಲಿ. ನಿಲ್ಲಿಸುವುದಾದರೆ ಕೆಳಗೊಂದು ಹಲಗೆ. ಮಲಗಿಸುವುದಾದರೆ ಮೇಲೆ ಬೇರೆ ಸಾಮಾನು ಪೇರಿಸಬಾರದು.

ಇನ್ನು ಎಲ್ಲಿಡಬೇಕು ಎಂಬುದು. ಇಲ್ಲಿ ಊರಿನ ರೂಢಿಯನ್ನು ಕಣ್ಣುಮುಚ್ಚಿ ಅನುಸರಿಸಿದರೆ ಕೆಲಸ ಕೆಡುತ್ತದೆ. ಹಂಚಿನ ಮನೆಯಲ್ಲಿ ಅಟ್ಟ ಎಲ್ಲಕ್ಕಿಂತ ಒಳ್ಳೆಯ ಜಾಗ: ಗಾಳಿ, ಹೊಗೆ, ನೆಲದಿಂದ ದೂರ. ಅಮೆರಿಕದ ಮನೆಯ ಅಟ್ಟವೋ, ಜುಲೈ ಬಿಸಿಲಿಗೆ ಕಾದ ಚಾವಣಿಯ ಕೆಳಗೆ ಅದರ ಶಾಖ 50 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಪದರಗಳನ್ನು ಹಿಡಿದ ಅಂಟಿಗೆ, ಬೂಟಿನ ಪ್ಲಾಸ್ಟಿಕ್ಕಿಗೆ ಅಷ್ಟು ಕಾವು ಹಿತವಲ್ಲ. ನೀರು ಕಾಯಿಸುವ ಯಂತ್ರದ ಪಕ್ಕವೂ ಬೇಡ. ಬೇಸ್‌ಮೆಂಟ್‌ನಲ್ಲಿ ತೇವ ಎಳೆಯುವ ಯಂತ್ರ ಓಡುತ್ತಿದ್ದರೆ ಅಲ್ಲಿ. ಇಲ್ಲದಿದ್ದರೆ ಮನೆಯ ಒಳಗೋಡೆಯ ಕಪಾಟಿನಲ್ಲಿ, ಚಳಿಗಾಲದ ಕೋಟುಗಳ ಹಿಂದೆ.

ಕೆಲವರು ಊರಿಗೆ ಮರಳುವಾಗ ಸ್ಕೀಗಳನ್ನೂ ಕೊಂಡೊಯ್ಯುತ್ತಾರೆ. ಹಿಮಾಲಯದಲ್ಲಿ ಗುಲ್ಮಾರ್ಗ್, ಔಲಿ, ಸೋಲಾಂಗ್‌ನಂಥ ಸ್ಕೀ ತಾಣಗಳಿರುವಾಗ ಯಾಕೆ ಬಿಡಬೇಕು? ಹೀಗೆ ತುಮಕೂರಿಗೆ ಹೋಗಿ ನೆಲೆಸಿದ ಗೆಳೆಯನೊಬ್ಬ ಅಲ್ಲಿಂದ ಫೋನ್ ಮಾಡಿದ್ದ. "ಅಣ್ಣಾ, ಅಮ್ಮ ಇದನ್ನ ಮಹಡಿ ಮೇಲಿನ ಸ್ಟೋರ್‌ರೂಮಿಗೆ ಹಾಕು ಅಂತಿದಾರೆ. ಸರಿನಾ?" ಬೇಡ ಎಂದೆ. ಏಪ್ರಿಲ್-ಮೇ ತಿಂಗಳಲ್ಲಿ ತುಮಕೂರಿನ ಕಾಂಕ್ರೀಟ್ ಚಾವಣಿಯ ಕೆಳಗಿನ ಕೋಣೆ ಸಂಜೆಯಾದರೂ ತಣಿಯುವುದಿಲ್ಲ. ಸೆಪ್ಟೆಂಬರ್-ಅಕ್ಟೋಬರ್ ಮಳೆಯಲ್ಲಿ ಅದೇ ಕೋಣೆಯ ಗೋಡೆ ತೇವ ಕಾರುತ್ತದೆ. ಕೆಳಗಿನ ಮನೆಯ ಮಲಗುವ ಕೋಣೆಯಲ್ಲಿ ಬೀರುವಿನ ಪಕ್ಕ, ಗೋಡೆಗೆ ತಾಗದಂತೆ, ಹಲಗೆಯ ಮೇಲೆ ನಿಲ್ಲಿಸಲು ಹೇಳಿದೆ. ಉದ್ದನೆಯ ಚೀಲದಲ್ಲಿ ಮುಚ್ಚಿಟ್ಟರೆ ತೇವ ಒಳಗೇ ಉಳಿಯುತ್ತದೆ. ಹಳೆಯ ಹತ್ತಿ ಸೀರೆ ಸುತ್ತಿದರೆ ಧೂಳೂ ಬೀಳುವುದಿಲ್ಲ, ಗಾಳಿಯೂ ಆಡುತ್ತದೆ. ಹೆಲ್ಮೆಟ್ ಇಟ್ಟ ಕಡೆ ನುಸಿಗುಳಿಗೆ ಹಾಕಬಾರದು, ಒಳಗಿನ ಥರ್ಮೊಕೋಲ್‌ಗೆ ಅದು ಆಗಿಬರುವುದಿಲ್ಲ. ಬೂಟಿನ ಮೆತ್ತನೆಯ ಒಳಚೀಲ ಇಲಿಗಳಿಗೆ ಗೂಡು ಕಟ್ಟಲು ಹೇಳಿ ಮಾಡಿಸಿದ ಜಾಗ. ಬೂಟುಗಳು ಬೀರುವಿನ ಒಳಗೇ ಇರಬೇಕು. ಅವನ ತಾಯಿ ಎಲ್ಲ ಕೇಳಿಸಿಕೊಂಡು, ದಸರೆಗೆ ಆಯುಧಪೂಜೆಯ ದಿನ ಇದನ್ನೂ ಹೊರತೆಗೆದು ಒರೆಸಿ ಇಡೋಣ ಎಂದರಂತೆ. ಅದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಕೊಡಲಾರೆ. ಇಟ್ಟ ವಸ್ತುವನ್ನು ನಡುವೆ ಒಮ್ಮೆಯಾದರೂ ತೆಗೆದು ನೋಡಬೇಕು.

ಹಿಮವಿಲ್ಲದ ನಾಡಿನವರಿಗೆ ಇದೆಲ್ಲ ಏಕೆ ಎನ್ನುವವರಿಗೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ನೆನಪಿಸುತ್ತೇನೆ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ಅವರು ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಕಾಫಿ ತೋಟದ ಸೀಮೆಯಿಂದ ಹೊರಟು ಆ ಎತ್ತರಕ್ಕೆ ಏರಿದ ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಲೇಬೇಕು.

2024ರ ಫೆಬ್ರವರಿಯಲ್ಲಿ ಮಿನಿಯಾಪೊಲಿಸ್‌ನ ಥಿಯೊಡೊರ್ ವರ್ತ್ ಪಾರ್ಕ್‌ನಲ್ಲಿ ಕ್ರಾಸ್ ಕಂಟ್ರಿ ವಿಶ್ವಕಪ್ ಸ್ಪರ್ಧೆ ನಡೆಯಿತು. ಆಫ್ಟನ್ ಊರಿನ ಸ್ಕೀ ಆಟಗಾರ್ತಿ ಜೆಸ್ಸಿ ಡಿಗಿನ್ಸ್ ತನ್ನ ಜನರ ಮುಂದೆ ಸ್ಪರ್ಧಿಸುವುದನ್ನು ನೋಡಿದ ಮೇಲೆ ನಮ್ಮ ಎಷ್ಟೋ ಮಕ್ಕಳಿಗೆ ಸ್ಪರ್ಧೆಯ ಹುಚ್ಚು ಹತ್ತಿದೆ; ಅದರ ಜೊತೆಗೆ ಮೇಣದ ಹುಚ್ಚೂ. ಆದ್ದರಿಂದ ಒಂದು ಎಚ್ಚರಿಕೆ. ಗ್ಯಾರೇಜಿನ ಡಬ್ಬಿಯಲ್ಲಿ ಹಳೆಯ ಫ್ಲೋರಿನ್ ಮೇಣ ಉಳಿದಿದ್ದರೆ ಅದನ್ನು ಕಾಯಿಸಬೇಡಿ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಅದರಲ್ಲಿರುವ ಪಿಎಫ್ಎಎಸ್ ರಾಸಾಯನಿಕಗಳು ಮಣ್ಣು-ನೀರಿನಲ್ಲಿ ವಿಘಟನೆಯಾಗದೆ ಉಳಿಯುತ್ತವೆ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 2023-24ರ ಋತುವಿನಿಂದ ಸ್ಪರ್ಧೆಗಳಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. ಮಿನೆಸೋಟ ರಾಜ್ಯ 2025ರ ಜನವರಿ 1ರಿಂದ ಅಂಥ ಮೇಣದ ಮಾರಾಟವನ್ನೇ ನಿಲ್ಲಿಸಿದೆ. ಕಸದ ಬುಟ್ಟಿಗೂ ಹಾಕದೆ, ಕೌಂಟಿಯ ಅಪಾಯಕಾರಿ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ.

ಬೂಟಿಗೆ ಹೆಚ್ಚು ಹೇಳಬೇಕಿಲ್ಲ. ಒಳಚೀಲ ಹೊರತೆಗೆದು, ಹೀಟರ್‌ನಿಂದ ದೂರ, ಪೂರ್ತಿ ಒಣಗಿಸಿ, ಮತ್ತೆ ಒಳಗಿಟ್ಟು, ಬಕಲ್‌ಗಳನ್ನು ಮೆಲ್ಲಗೆ ಸಿಕ್ಕಿಸಿಡಿ. ತೆರೆದೇ ಬಿಟ್ಟರೆ ಪ್ಲಾಸ್ಟಿಕ್ಕಿನ ಚಿಪ್ಪು ಆಕಾರ ಕಳೆದುಕೊಂಡು ಡಿಸೆಂಬರ್‌ನಲ್ಲಿ ಕಾಲು ನೋಯಿಸುತ್ತದೆ. ಬೈಂಡಿಂಗ್‌ನ ಹಿಮ್ಮಡಿ ಭಾಗವನ್ನು ಮುಚ್ಚಿದ ಸ್ಥಿತಿಗೆ ಒತ್ತಿಡಿ. ಸ್ಪ್ರಿಂಗ್ ದಣಿಯುತ್ತದೆ, ತಿರುಪು ಸಡಿಲಿಸಿಡಿ ಎಂಬ ಹಳೆಯ ಮಾತೊಂದಿದೆ, ನಾನಾದರೆ ಮುಟ್ಟುವುದಿಲ್ಲ. ಅಲ್ಲಿ ಕಾಣುವ ಅಂಕಿ, ನಾವು ಬಿದ್ದಾಗ ಬೂಟು ಯಾವ ಒತ್ತಡಕ್ಕೆ ಕಳಚಬೇಕೆಂದು ಗೊತ್ತುಮಾಡುವಂಥದ್ದು. ಸಡಿಲಿಸಿ ಮರೆತವರ ಮೊಣಕಾಲಿಗೆ ಅದು ದೊಡ್ಡ ಅಪಾಯ.

ಮಕ್ಕಳ ಸ್ಕೀಗಳ ಲೆಕ್ಕ ಬೇರೆ. ಬೆಳೆಯುವ ಕಾಲಿಗೆ ವರ್ಷಕ್ಕೊಂದು ಜೊತೆ ಕೊಳ್ಳುವುದಕ್ಕಿಂತ ಋತುವಿನ ಬಾಡಿಗೆಗೆ ತರುವುದು ಮೇಲು. ಈಗ ತುಮಕೂರು ಜಿಲ್ಲೆಯಲ್ಲೂ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಿತ್ತನೆ ಯಂತ್ರವನ್ನು ಬಾಡಿಗೆಗೆ ತರುತ್ತಾರೆ, ಅಟ್ಟದ ಕೂರಿಗೆಗಳು ಕಡಿಮೆಯಾಗುತ್ತಿವೆ. ಬಾಡಿಗೆಯದ್ದಾದರೂ ಹಿಂತಿರುಗಿಸುವ ಮುನ್ನ ಮಕ್ಕಳ ಕೈಯಲ್ಲೇ ಒರೆಸಿಸಬೇಕು.

ಸ್ವಂತ ಸ್ಕೀ, ಬೂಟು ಇದ್ದು ಮಕ್ಕಳಿಗೆ ಚಿಕ್ಕದಾದ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅಕ್ಟೋಬರ್‌ನ ಒಂದು ಶನಿವಾರ, ರಾಜ್ಯೋತ್ಸವದ ತಯಾರಿಗೆಂದು ಹೇಗೂ ಎಲ್ಲರೂ ಸೇರುವಾಗ, ನಮ್ಮ ಕನ್ನಡ ಸಂಘ ಇವುಗಳ ಕೊಡು-ಕೊಳ್ಳುವ ಏರ್ಪಾಡು ಮಾಡಲಿ ಎಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಂಡಿದ್ದೇನೆ. ಬೇಸಗೆಯ ಮೇಣ ಕೆರೆಯುವ ಪ್ಲಾಸ್ಟಿಕ್ ಪಟ್ಟಿ, ಬ್ರಷ್ಷು ನಾನು ತರುತ್ತೇನೆ. ಮಕ್ಕಳಿಗೆ ಕೆರೆಯಲು ಕಲಿಸುತ್ತೇನೆ. ಒಂದು ನಿಯಮ ಮಾತ್ರ ಇರಲಿ. ಕೈ ಬದಲಾದ ಪ್ರತಿ ಜೊತೆಯೂ ಹೊಸ ಮಗುವಿನ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆಯೊಡನೆ ಅಂಗಡಿಯ ತಂತ್ರಜ್ಞರ ಹತ್ತಿರ ಹೋಗಿ ಬೈಂಡಿಂಗ್ ಹೊಸದಾಗಿ ಹೊಂದಿಸಿಕೊಳ್ಳಬೇಕು. ಅಲ್ಲಿಯವರೆಗೆ ಆ ಸ್ಕೀಯನ್ನು ಯಾವ ಮಗುವೂ ಕಾಲಿಗೆ ಹಾಕಬಾರದು.