ಗುಹೆಯೊಳಗೆ ಒಂದು ತಕರಾರು

ಬಹಾಮಾಸ್‌ನ ಎಲ್ಯೂಥೆರಾ ದ್ವೀಪದ ಉತ್ತರ ತುದಿಯಲ್ಲಿ, ಕಡಲಿನಿಂದ ಕೂಗಳತೆಯಲ್ಲಿ, ಸುಣ್ಣಕಲ್ಲಿನ ಒಂದು ಗುಹೆಯಿದೆ. ಹೆಸರು ಪ್ರೀಚರ್ಸ್ ಕೇವ್. ಕಾಲಡಿ ಮೆತ್ತನೆಯ ಮರಳು. ಮೇಲ್ಛಾವಣಿಯ ತೂತುಗಳಿಂದ ಬಿಸಿಲು ಕೋಲು ಕೋಲಾಗಿ ಇಳಿಯುತ್ತದೆ. ಒಳಗಿನ ಬಂಡೆಯೊಂದನ್ನು ಪಾದ್ರಿ ನಿಂತು ಪ್ರವಚನ ಮಾಡುತ್ತಿದ್ದ ಪೀಠವೆಂದು ತೋರಿಸುತ್ತಾರೆ.

1648ರ ಸುಮಾರಿಗೆ ಬರ್ಮುಡಾದ ಒಂದಷ್ಟು ಇಂಗ್ಲಿಷ್ ಪ್ಯೂರಿಟನ್ನರು ತಮ್ಮಿಷ್ಟದಂತೆ ದೇವರನ್ನು ಪೂಜಿಸುವ ಜಾಗ ಹುಡುಕಿಕೊಂಡು ವಿಲಿಯಂ ಸೇಲ್‌ನ ಮುಂದಾಳತ್ವದಲ್ಲಿ ಹೊರಟರು. ಇಲ್ಲಿನ ಹವಳದ ದಿಬ್ಬಕ್ಕೆ ಬಡಿದು ಹಡಗು ಒಡೆಯಿತು. ದವಸ, ಸಾಮಾನು ಎಲ್ಲ ನೀರುಪಾಲು. ಬದುಕುಳಿದವರು ಇದೇ ಗುಹೆಯಲ್ಲಿ ಆಸರೆ ಪಡೆದು ಪ್ರಾರ್ಥನೆ ಸಲ್ಲಿಸಿದರೆಂದು ದ್ವೀಪದವರು ಹೇಳುತ್ತಾರೆ. ದೇವರೇ ಕೈ ಹಿಡಿದ ಎಂದು ಅವರಿಗೆ ಅನಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಆ ಮರಳಿನಡಿ ಅವರಿಗಿಂತ ಮೊದಲೇ ಮಲಗಿದವರಿದ್ದರು. ಪುರಾತತ್ವಜ್ಞರು ಅಗೆದಾಗ ಲುಕಾಯನ್ ಮೂಲನಿವಾಸಿಗಳ ಸಮಾಧಿಗಳು ಸಿಕ್ಕವು. 1492ರ ಅಕ್ಟೋಬರ್‌ನಲ್ಲಿ ಕೊಲಂಬಸ್ ಮೊದಲು ಕಂಡದ್ದು ಈ ಜನರನ್ನೇ. ಇವರಿಗೆ ಧರ್ಮವೆಂಬುದೇ ಇದ್ದಂತಿಲ್ಲ, ಸುಲಭವಾಗಿ ಕ್ರೈಸ್ತರಾದಾರು ಎಂದು ಅವನು ದಿನಚರಿಯಲ್ಲಿ ಬರೆದುಕೊಂಡ. ಸತ್ತವರನ್ನು ಗುಹೆಯಲ್ಲಿ ಜತನವಾಗಿ ಹೂಳುತ್ತಿದ್ದವರ ಬಗ್ಗೆ ಬಂದಿಳಿದ ಹೊಸದರಲ್ಲೇ ಕೊಟ್ಟ ತೀರ್ಪು ಅದು! ಮುಂದೆ ಸ್ಪೇನಿನವರು ಅವರನ್ನು ಹಿಡಿದು ಗಣಿಗಳಿಗೂ ಮುತ್ತು ತೆಗೆಯುವ ಕೆಲಸಕ್ಕೂ ಸಾಗಿಸಿದರು. ಕೆಲವೇ ದಶಕಗಳಲ್ಲಿ ದ್ವೀಪಗಳು ಬರಿದಾದವು.

ಅಮೆರಿಕದಲ್ಲಿರುವ ಮಗನ ಮನೆಗೆ ಹೋದ ಕನ್ನಡದ ಅಜ್ಜ ರಜೆಯಲ್ಲಿ ಮೊಮ್ಮಗಳನ್ನು ಇಲ್ಲಿಗೆ ಕರೆತಂದರೆನ್ನಿ. ಎರಡೂ ಕಥೆ ಕೇಳಿದ ಮಗು ಸುಮ್ಮನಿರುತ್ತದೆಯೇ? ‘ತಾತ, ಹಡಗಿನವರನ್ನ ಕಾಪಾಡಿದ ದೇವರು ಇವರನ್ನ ಯಾಕೆ ಕಾಪಾಡ್ಲಿಲ್ಲ?’

‘ಅವರವರ ಕರ್ಮ’ ಎಂದುಬಿಡುವುದು ಸುಲಭ. ಆದರೆ ಹಾಗೆಂದೊಡನೆ ಹಿಡಿದು ಮಾರಿದವನ ತಪ್ಪು ಹಗುರಾಗಿ, ಮಾರಾಟವಾದವನ ಹೆಗಲಿಗೆ ಬೀಳುತ್ತದೆ. ‘ಎಲ್ಲ ದೇವರಿಚ್ಛೆ’ ಎಂದರೂ ಕೆಲಸ ಕೆಡುತ್ತದೆ. ಮುಳುಗಿದವರ ಲೆಕ್ಕವನ್ನೂ ಆ ದೇವರೇ ಕೊಡಬೇಕಾಗುತ್ತದೆ. ಉಳಿದವನು ಕೈ ಮುಗಿಯುವುದರಲ್ಲಿ ತಪ್ಪಿಲ್ಲ. ‘ಬದುಕಿದೆ’ ಎಂಬ ಕೃತಜ್ಞತೆ ‘ನನ್ನನ್ನೇ ಆರಿಸಿದ’ ಎಂಬ ಹಕ್ಕಾಗಿ ತಿರುಗುವಲ್ಲಿ ತೊಡಕು ಶುರುವಾಗುತ್ತದೆ.

ವಿಚಿತ್ರವೆಂದರೆ, ಈ ತೊಡಕಿನ ಸುಳಿವು ಆ ವಲಸಿಗರ ಕಾಗದಪತ್ರದಲ್ಲೇ ಇದೆ. 1647ರಲ್ಲಿ ಲಂಡನ್‌ನಲ್ಲಿ ಸಿದ್ಧವಾದ ಅವರ ಒಪ್ಪಂದಪತ್ರ, ಮತಭೇದದ ವಿಚಾರದಲ್ಲಿ ಅಧಿಕಾರಿಗಳು ತಲೆಹಾಕಕೂಡದೆಂದು ವಿಧಿಸಿತ್ತು. ಸೆರೆಯಾಗಿ ಮಾರಾಟವಾದ ಮೂಲನಿವಾಸಿಗಳನ್ನು ಬಿಡಿಸಿ, ಅವರ ನೆಲಕ್ಕೇ ಮರಳಿಸಬೇಕೆಂಬ ಮಾತೂ ಅದರಲ್ಲಿತ್ತು.

ಆಮೇಲಿನ ಕಥೆ ಇನ್ನೂ ಲೌಕಿಕ. ಸೇಲ್ ಸಣ್ಣ ದೋಣಿಯಲ್ಲಿ ವರ್ಜೀನಿಯಾಕ್ಕೆ ಹೋಗಿ ಆಹಾರ ತಂದ. ಬಾಸ್ಟನ್ ಕಡೆಯ ಚರ್ಚುಗಳೂ ಸಾಮಗ್ರಿ ಕಳಿಸಿದವು. ಅದಕ್ಕೆ ಪ್ರತಿಯಾಗಿ 1650ರಲ್ಲಿ ದ್ವೀಪದವರು ಬಣ್ಣ ತೆಗೆಯುವ ಬ್ರೆಜಿಲೆಟ್ಟೊ ಮರದ 10 ಟನ್ ತುಂಡುಗಳನ್ನು ಬಾಸ್ಟನ್‌ಗೆ ಹೇರಿ ಕಳಿಸಿದರು. ಮಾರಿ ಬಂದ ಹಣ ಹಾರ್ವರ್ಡ್ ಕಾಲೇಜಿಗೆ ಹೋಯಿತು. ದೇವರಿಗೆ ಸಲ್ಲಿಸಿದ ಪ್ರಾರ್ಥನೆಯಷ್ಟಕ್ಕೇ ಋಣ ತೀರಿತೆಂದು ಅವರು ಭಾವಿಸಲಿಲ್ಲ ಎಂಬುದನ್ನು ಅಜ್ಜ ಇಲ್ಲಿ ಮೊಮ್ಮಗಳಿಗೆ ಹೇಳಬಹುದು.

ಲುಕಾಯನ್ನರ ಋಣ ತೀರಿಸೋಣವೆಂದರೆ ಯಾರಿಗೆ? 2018ರಲ್ಲಿ ವಿಜ್ಞಾನಿಗಳು ಇದೇ ಗುಹೆಯಲ್ಲಿ ಸಿಕ್ಕ, ಸುಮಾರು 1,000 ವರ್ಷ ಹಿಂದಿನ ಹೆಂಗಸೊಬ್ಬಳ ಹಲ್ಲಿನಿಂದ ಡಿಎನ್‌ಎ ಓದಿ ತೆಗೆದರು. ಆಕೆಯ ಜನಕ್ಕೂ ಇಂದಿನ ಪೋರ್ಟೊರಿಕೊದವರಿಗೂ ರಕ್ತಸಂಬಂಧ ಇರುವುದು ಅದರಿಂದ ಕಂಡುಬಂತು. ನಾಮಾವಶೇಷವಾದರೆಂದು ಪುಸ್ತಕಗಳು ಹೇಳುತ್ತ ಬಂದ ಜನರ ನಂಟರು ಬದುಕಿದ್ದಾರೆ. ಲುಕಾಯನ್ನರು ಟೈನೊ ಎಂಬ ದೊಡ್ಡ ಬಳಗದವರು; ಕೆರಿಬಿಯನ್‌ನಲ್ಲಿ ತಮ್ಮನ್ನು ಟೈನೊ ಎಂದೇ ಕರೆದುಕೊಳ್ಳುವವರೂ ಇದ್ದಾರೆ. ಮೊಮ್ಮಗಳ ಮುಂದಿನ ಪ್ರಶ್ನೆ ದೇವರ ಕುರಿತಾಗಿ ಇರಲಿಕ್ಕಿಲ್ಲ, ಆ ನಂಟರ ಕುರಿತಾಗಿಯೇ ಇದ್ದೀತು.